ಪೈರಿಲ್ಲದ ಗದ್ದೆ ನೋಡಲು ಹೋಗಿದ್ದೆ

"ಗದ್ದೆ ನೋಡೋಕೆ ಚೀನಾಕ್ಕೆ ಹೋಗ್ತೀಯಾ? ಅದೂ ಚಳಿಗಾಲದಲ್ಲಿ? ಆಗ ಗದ್ದೇಲಿ ಕೂಳೆ ಬಿಟ್ರೆ ಇನ್ನೇನಿರುತ್ತೆ ಮಾರಾಯ್ತಿ?" ಅಂತ ಅಪ್ಪ ಕೇಳಿದ್ದರು. 2019ರ ಜನವರಿ ಅದು. ಕೊಪ್ಪದ ಕಡೆಯ ರೈತರಿಗೆ ಇದು ಸಹಜವಾದ ಪ್ರಶ್ನೆಯೇ. ಕೊಯ್ಲು ಮುಗಿದ ಮೇಲೆ ನಮ್ಮ ಗದ್ದೆಗಳು ಒಣಗಿ ಬಿರುಕು ಬಿಡುತ್ತವೆ. ದನ ಮೇಯುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಮತ್ತೆ ಆ ಕಡೆ ತಲೆ ಹಾಕೋದು ಮಳೆ ಬಂದ ಮೇಲೆ.

ನಾನು ಹೋಗಿದ್ದು ಯುನ್ನಾನ್ ಪ್ರಾಂತ್ಯದ ಯುವಾನ್‌ಯಾಂಗ್‌ಗೆ. ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಕೊಯ್ಲು ಮುಗಿಯುತ್ತೆ. ಆಮೇಲೆ ಗದ್ದೆಯನ್ನು ಒಣಗಲು ಬಿಡೋದಿಲ್ಲ. ಉತ್ತು, ಅಂಚು ಸರಿ ಮಾಡಿ, ನೀರು ತುಂಬಿಸಿ, ಮುಂದಿನ ನಾಟಿಯವರೆಗೂ ಹಾಗೇ ನಿಲ್ಲಿಸುತ್ತಾರೆ. ಇಡೀ ಬೆಟ್ಟಕ್ಕೆ ಬೆಟ್ಟವೇ ನೀರು ಹೊತ್ತು ನಿಂತಿರುತ್ತೆ.

ಆಗ ಕೋಲ್ಕತ್ತದಿಂದ ಯುನ್ನಾನ್‌ನ ರಾಜಧಾನಿ ಕುನ್ಮಿಂಗ್‌ಗೆ ನೇರ ವಿಮಾನವಿತ್ತು. ಹೆಚ್ಚು ಕಡಿಮೆ ಬೆಂಗಳೂರು–ಕೋಲ್ಕತ್ತದಷ್ಟೇ ದೂರ. ಅಲ್ಲಿಂದ ಮುಂದೆ ದಕ್ಷಿಣಕ್ಕೆ ಬಸ್ಸು. ದಾರಿಯಲ್ಲಿ ಜಿಯಾನ್‌ಶುಯಿ ಅನ್ನೋ ಹಳೇ ಊರಲ್ಲಿ ಒಂದು ರಾತ್ರಿ ಉಳಿದೆ. ಕೆಂಡದ ಮೇಲೆ ಸುಟ್ಟ ತೋಫು ಅಲ್ಲಿ ಹೆಸರುವಾಸಿ. ನಾವು ತಿಂದ ಒಂದೊಂದು ತುಂಡಿಗೂ ಅಂಗಡಿಯಾಕೆ ತಟ್ಟೆಗೆ ಒಂದೊಂದು ಮೆಕ್ಕೆಜೋಳದ ಕಾಳು ಹಾಕ್ತಾಳೆ. ಎದ್ದು ಹೊರಡುವಾಗ ಕಾಳು ಎಣಿಸಿ ದುಡ್ಡು. ಈ ಲೆಕ್ಕ ನನಗೆ ತುಂಬಾ ಇಷ್ಟವಾಯಿತು.

ಮೊದಲ ಎರಡು ಬೆಳಿಗ್ಗೆ ಬರೀ ಮಂಜು. ಐದೂವರೆಗೆ ಎದ್ದು, ಇದ್ದಬದ್ದ ಸ್ವೆಟರ್ ಎಲ್ಲ ಹಾಕಿಕೊಂಡು ದುಯೋಯಿಶು ಹಳ್ಳಿಯ ಅಟ್ಟಣಿಗೆಯಲ್ಲಿ ನಿಂತರೆ, ಮುಂದೆ ಚಾಚಿದ ನನ್ನ ಕೈ ಬಿಟ್ಟು ಬೇರೇನೂ ಕಾಣಲಿಲ್ಲ. ಮೂರನೇ ದಿನ ಮಂಜು ಒಂದು ಮೂಲೆಯಿಂದ ಸರಿಯತೊಡಗಿತು. ಕೆಳಗೆ ಒಂದು ಬಿಳಿ ಗೆರೆ ಕಂಡಿತು. ಅದರ ಪಕ್ಕ ಇನ್ನೊಂದು. ನೋಡನೋಡುತ್ತಾ ನೂರಾರು. ಆಕಾಶದ ಬಣ್ಣವೆಲ್ಲ ಕೆಳಗಿಳಿದು ತುಂಡು ತುಂಡಾಗಿ ಗದ್ದೆಗಳಲ್ಲಿ ನಿಂತಿತ್ತು. ಕೆಲವು ಗದ್ದೆ ತಿಳಿನೀಲಿ, ಕೆಲವು ಬೂದಿ. ನೀರಿನ ಮೇಲೆ ಕೆಂಪು ಪಾಚಿಯಂಥ ಸಣ್ಣ ಗಿಡ ಹರಡಿದ ಕಡೆ ಗಾಢ ಕೆಂಪು. ನನಗೆ ಅಳು ಬಂತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಸೂರ್ಯ ಮೇಲೆ ಬಂದು ಬಣ್ಣ ಇಳಿದ ಕೂಡಲೇ ಕ್ಯಾಮೆರಾದವರೆಲ್ಲ ಟ್ರೈಪಾಡ್ ಮಡಚಿ ವ್ಯಾನ್ ಹತ್ತಿದರು. ಇನ್ನೊಂದು ಜಾಗಕ್ಕೆ, ಸೂರ್ಯಾಸ್ತಕ್ಕೆ. ಅಲ್ಲಿಗೆ ಹೋಗುವವರಿಗೆ ನಾನು ಹೇಳೋದು ಇಷ್ಟೇ: ದಯವಿಟ್ಟು ಆ ವ್ಯಾನ್ ಹತ್ತಬೇಡಿ. ಹತ್ತು ಗಂಟೆಯ ಮೇಲೆ ಗದ್ದೆಗೆ ಇಳಿಯಿರಿ. ನಿಜವಾದ ಚಳಿಗಾಲ ಅಲ್ಲಿದೆ.

ನಾನು ಇಳಿದಾಗ ಅರವತ್ತು ದಾಟಿದ ಒಬ್ಬ ಹೆಂಗಸು ಅಂಚಿಗೆ ಮಣ್ಣು ಮೆತ್ತುತ್ತಿದ್ದರು. ನೀಲಿ ಅಂಗಿ, ತಲೆಗೆ ಸುತ್ತಿದ ಬಟ್ಟೆ, ಮೊಣಕಾಲಿನವರೆಗೆ ಕೆಸರು. ನಾನು ಕೈ ಅದ್ದಿ ನೋಡಿದೆ, ಆ ನೀರು ಬೆರಳು ಕೊರೆಯುವಷ್ಟು ತಣ್ಣಗಿತ್ತು. ಅವರು ಗದ್ದೆಯ ಕೆಸರನ್ನೇ ಗುದ್ದಲಿಯಲ್ಲಿ ಎತ್ತಿ ಅಂಚಿನ ಮೇಲೆ ಹಾಕಿ, ಗುದ್ದಲಿ ಮಗುಚಿ ಅದರ ಬೆನ್ನಿನಿಂದ ಒಂದೇ ಎಳೆತಕ್ಕೆ ಸವರುತ್ತಿದ್ದರು. ಗೋಡೆಗೆ ಗಾರೆ ಮಾಡಿದಷ್ಟು ನುಣುಪು. ಮಧ್ಯೆ ನಿಂತರು. ನೀರು ಒಂದು ಕಡೆ ಸಣ್ಣಗೆ ಸುಳಿ ತಿರುಗುತ್ತಿತ್ತು. ಬಗ್ಗಿ ಕೈ ಹಾಕಿ ತೂತು ಹುಡುಕಿದರು. ಹಿಮ್ಮಡಿಯಿಂದ ಮೂರು ಸಲ ತುಳಿದರು. ಮತ್ತೆ ಮಣ್ಣು, ಮತ್ತೆ ತುಳಿತ. ಸುಳಿ ನಿಂತಿತು.

ನನ್ನ ಅಜ್ಜಿ ಏಡಿ ಬಿಲ ಮುಚ್ಚುತ್ತಿದ್ದದ್ದು ಥೇಟ್ ಹೀಗೆಯೇ.

ನಾನು ಉಳಿದಿದ್ದ ಮನೆಯ ಹುಡುಗಿ ಫೋನಿನಲ್ಲಿ ಅನುವಾದ ಮಾಡಿ ಹೇಳಿದಳು. ಅಲ್ಲಿ ಕಾಟ ಕೊಡೋದು ಹಾವುಮೀನು. ಜೊತೆಗೆ ಹೊರಗಿನಿಂದ ಬಂದು ಸೇರಿಕೊಂಡ ಸಿಗಡಿಯಂಥ ಒಂದು ಕೆಂಪು ಜೀವಿ. ಎರಡೂ ಅಂಚು ಕೊರೆಯುತ್ತವೆ. ಒಂದು ತೂತು ಬಿಟ್ಟರೆ ನೀರು ಇಳಿಯುತ್ತೆ, ಮಣ್ಣು ಬಿರುಕು ಬಿಡುತ್ತೆ, ಮುಂದಿನ ಮಳೆಗೆ ಅಂಚು ಜಾರುತ್ತೆ. ಅದು ಬೀಳೋದು ಕೆಳಗಿನವರ ಗದ್ದೆ ಮೇಲೆ. ಚಳಿಗಾಲದಲ್ಲೂ ನೀರು ನಿಲ್ಲಿಸೋದು ಅದಕ್ಕೇ. ಆ ಹೊಳಪು ನೋಡೋಕೆ ನಾವು ಸಾವಿರಾರು ಮೈಲಿ ದಾಟಿ ಹೋಗ್ತೀವಿ. ಅವರಿಗೆ ಅದು ಬೆಟ್ಟ ಕುಸಿಯದ ಹಾಗೆ ನೋಡಿಕೊಳ್ಳುವ ದಿನನಿತ್ಯದ ಕೆಲಸ.

ಇಲ್ಲಿನ ಜನರ ಹೆಸರು ಹಾನಿ. ಕನ್ನಡದ ಹಾನಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಅಲ್ಲಿದ್ದಷ್ಟು ದಿನವೂ ನನ್ನ ಕಿವಿಗೆ ಅದು 'ಹನಿ' ಅಂತಲೇ ಕೇಳಿಸುತ್ತಿತ್ತು. ಐಲಾವೊ ಬೆಟ್ಟಸಾಲಿನಲ್ಲಿ ಇವರು ಸುಮಾರು 1,300 ವರ್ಷಗಳಿಂದ ಗದ್ದೆ ಕಡಿದು ಬೆಳೆದಿದ್ದಾರೆ. ಬೆಟ್ಟದ ತಲೆಯಲ್ಲಿ ಕಾಡು, ಅದರ ಕೆಳಗೆ ಊರು, ಊರಿನ ಕೆಳಗೆ ಗದ್ದೆ, ತಳದಲ್ಲಿ ಕೆಂಪು ನದಿ. ಅದೇ ನದಿ ಮುಂದೆ ವಿಯೆಟ್ನಾಮಿಗೆ ಹೋಗಿ ಹನೋಯ್ ಪಕ್ಕ ಹರಿಯುತ್ತೆ. ಕಾಡು ಮಂಜು ಹಿಡಿದು ನೀರು ಬಿಡುತ್ತೆ. 440 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಗಳು ಅದನ್ನು ಗದ್ದೆಗೆ ತರುತ್ತವೆ. ಊರಿನ ಸಗಣಿ ಗೊಬ್ಬರವನ್ನೂ ಹೊರೋದಿಲ್ಲ. ಒಂದು ಗುಂಡಿಯಲ್ಲಿ ಕೂಡಿಟ್ಟು, ಹೊತ್ತು ನೋಡಿ ಕಾಲುವೆ ನೀರಿಗೆ ಬಿಟ್ಟರೆ ತಾನೇ ಇಳಿದು ಗದ್ದೆ ಸೇರುತ್ತೆ. ತಲೆ ಮೇಲೆ ಗೊಬ್ಬರದ ಬುಟ್ಟಿ ಹೊತ್ತು ಕುತ್ತಿಗೆ ನೋಯಿಸಿಕೊಂಡ ನಮ್ಮ ಮನೆಯ ಹೆಂಗಸರೆಲ್ಲ ನನಗೆ ಆಗ ನೆನಪಾದರು. ಯುನೆಸ್ಕೊ 2013ರಲ್ಲಿ ಈ ಗದ್ದೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಊರಿನ ಮೇಲಿನ ಒಂದು ಭಾಗದ ಕಾಡನ್ನು ಯಾರೂ ಕಡಿಯುವಂತಿಲ್ಲ. ವರ್ಷಕ್ಕೊಮ್ಮೆ ಅಲ್ಲಿ ಊರಿನ ದೇವರ ಪೂಜೆ. ಕೊಡಗಿನ ದೇವರಕಾಡು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಕಾಲುವೆಗೆ ಅಡ್ಡ ಇಟ್ಟ ಒಂದು ಮರದ ತುಂಡು. ಅದರಲ್ಲಿ ಮೂರು ಕಚ್ಚು. ಒಂದು ಅಗಲ, ಎರಡು ಸಣ್ಣವು. ಯಾವ ಕಡೆ ಎಷ್ಟು ಗದ್ದೆಯಿದೆಯೋ ಅಷ್ಟು ಅಗಲದ ಕಚ್ಚು, ಅಷ್ಟೇ ನೀರು. ಇದನ್ನು ನೋಡಿಕೊಳ್ಳೋಕೆ ಊರವರೇ ಆರಿಸಿದ ಒಬ್ಬ ಕಾಲುವೆ ಕಾವಲಿನವನು. ಅವನಿಗೆ ಹಿಂದೆಲ್ಲ ಊರಿನಿಂದ ಧಾನ್ಯ. ನಮ್ಮ ಬಯಲುಸೀಮೆಯ ಕೆರೆಗಳಿಗೆ ನೀರುಗಂಟಿ ಇದ್ದ ಹಾಗೆಯೇ, ಅಲ್ವಾ? ಅವನಿಗೂ ಕೊಯ್ಲಿನಲ್ಲಿ ಪಾಲು ಸಲ್ಲುತ್ತಿತ್ತು. ನಮ್ಮ ಎಷ್ಟೋ ಊರುಗಳಲ್ಲಿ ಇವತ್ತು ಕೆರೆ ಇದೆ, ನೀರುಗಂಟಿ ಇಲ್ಲ.

ಇದನ್ನೆಲ್ಲ ಸುಮ್ನೆ 'ಪ್ರಕೃತಿ ಸೌಂದರ್ಯ' ಅಂತ ಕರೆದರೆ ನನಗೆ ನೋವಾಗುತ್ತೆ. ಒಂದೊಂದು ಅಂಚನ್ನೂ ಯಾರೋ ಈ ವರ್ಷ ಮೆತ್ತಿದ್ದಾರೆ. ಆ ಹೆಂಗಸಿನ ಮಗ ದೂರದ ಪಟ್ಟಣದಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ಗದ್ದೆಯಲ್ಲಿ ಕಂಡವರು ಬಹುಪಾಲು ವಯಸ್ಸಾದವರೇ. ದೊಡ್ಡ ಯಂತ್ರ ಇಳಿಯುವ ಜಾಗವಲ್ಲ ಅದು. ಕೆಂಪಕ್ಕಿ ಒಂದರಿಂದಲೇ ಒಂದು ಸಂಸಾರ ನಡೆಯೋದು ಕಷ್ಟ. ಹಾಗಾಗಿ ನೋಡೋಕೆ ಹೋಗುವವರ ದುಡ್ಡು ಅವರ ಕೈಗೆ ಸೇರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಳ್ಳಿಯ ಮನೆಯಲ್ಲೇ ಉಳಿಯಿರಿ. ಅವರ ಕೆಂಪಕ್ಕಿ ಅನ್ನ, ಗದ್ದೆಯ ಮೀನು, ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆ ತಿನ್ನಿ. ಹೊರಡುವಾಗ ಎರಡು ಕೆಜಿ ಅಕ್ಕಿ ಕೊಂಡುಕೊಳ್ಳಿ. ಮಂಜು ಬಿಡಲಿಲ್ಲ ಅಂತ ಬೇಜಾರಾಗಿ ಮರುದಿನವೇ ಹೊರಡಬೇಡಿ, ನಾಲ್ಕು ದಿನವಾದರೂ ಇಟ್ಟುಕೊಳ್ಳಿ.

ವಾಪಸ್ ಬಂದ ಮೇಲೆ ಅಪ್ಪನಿಗೆ ಸೂರ್ಯೋದಯದ ಫೋಟೋ ತೋರಿಸಿದೆ. "ಚೆನ್ನಾಗಿದೆ" ಅಂದರು, ಅಷ್ಟೇ. ಆಮೇಲೆ ಆ ಹೆಂಗಸಿನ ವಿಡಿಯೋ ಹಾಕಿದೆ. ಹಿಮ್ಮಡಿಯಿಂದ ತುಳಿಯುವ ಜಾಗ ಬಂದ ಕೂಡಲೇ ಎದ್ದು ಕೂತರು. "ಅಯ್ಯೋ, ಅಲ್ಲೂ ಏಡಿ ಕಾಟ ಇದ್ಯಾ?" ಮೂರು ಸಲ ಹಾಕಿಸಿಕೊಂಡು ನೋಡಿದರು. ಅಮ್ಮನನ್ನೂ ಕರೆದರು.

ನಮ್ಮ ಮೇಲಿನ ಗದ್ದೆಗಳೆಲ್ಲ ಅಡಿಕೆ ತೋಟವಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅದಕ್ಕೆ ನಾನು ಅಪ್ಪನನ್ನು ದೂರುವುದಿಲ್ಲ. ನನ್ನ ಕಾಲೇಜು ಫೀಸು ಬಂದದ್ದು ಅಡಿಕೆಯಿಂದಲೇ. ಆದರೆ ಗದ್ದೆ ಹೋದ ಮೇಲೆ ನಮ್ಮ ಬಾವಿ ನೀರು ಮಾರ್ಚಿಗೇ ಇಳಿಯುತ್ತೆ ಅಂತ ಅಮ್ಮ ಹೇಳುತ್ತಲೇ ಬಂದಿದ್ದಾರೆ. ಹಳ್ಳದ ಪಕ್ಕ ಒಂದೇ ಒಂದು ಗದ್ದೆ ಉಳಿದಿತ್ತು. ಅದಕ್ಕೂ ಅಡಿಕೆ ಸಸಿ ಹೇಳಿಟ್ಟಿದ್ದರು. ಆ ವರ್ಷ ಬೇಡ ಅಂದರು. ಜುಲೈನಲ್ಲಿ ನಾನು ರಜೆ ಹಾಕಿ ಊರಿಗೆ ಹೋದೆ. ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಇಬ್ಬರೂ ಅಂಚು ಮೆತ್ತಿದೆವು. ಏಳು ಏಡಿ ಬಿಲ ಸಿಕ್ಕವು. ಎರಡನ್ನು ನಾನೇ ಮುಚ್ಚಿದೆ.