ಪಿಎಚ್ ಪ್ರೋಬನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿಡಬೇಡಿ

ಪಿಎಚ್ ಪ್ರೋಬ್ ಎಂದರೆ ದ್ರವ ಎಷ್ಟು ಆಮ್ಲೀಯ ಅಥವಾ ಕ್ಷಾರೀಯ (ಪಿಎಚ್) ಎಂದು ಅಳೆಯುವ ಕಡ್ಡಿ. ‘ಬಳಸದೇ ಇರುವಾಗ ಪಿಎಚ್ ಪ್ರೋಬನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಇಡಿ, ಶುದ್ಧ ನೀರು ತಾನೆ, ಏನೂ ಆಗಲ್ಲ’ ಎಂಬ ಮಾತು ಪ್ಲಾಂಟ್‌ಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇದೆ. ಇದು ತಪ್ಪು. ನೀರು ಅಷ್ಟು ಶುದ್ಧವಾಗಿರುವುದೇ ಇಲ್ಲಿನ ತೊಂದರೆ.

ಪ್ರೋಬ್ ಒಳಗೆ ಹೋಲಿಕೆಗೆಂದು ಇರುವ ರೆಫರೆನ್ಸ್ ಭಾಗದಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಇರುತ್ತದೆ. ಅದು ಹೊರಗಿನ ದ್ರವವನ್ನು ಮುಟ್ಟುವುದು ಜಂಕ್ಷನ್ ಎಂಬ ಸಣ್ಣ ರಂಧ್ರಗಳ ತುಂಡಿನ ಮೂಲಕ. ಹೊರಗೆ ಉಪ್ಪೇ ಇಲ್ಲದ ನೀರಿದ್ದರೆ ಒಳಗಿನ ಉಪ್ಪು ಮೆಲ್ಲಗೆ ಸೋರಿಹೋಗುತ್ತದೆ. ಆಮೇಲೆ ನೋಡಿ, ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಅದ್ದಿದರೂ ರೀಡಿಂಗ್ ಒಂದು ಕಡೆ ನಿಲ್ಲುವುದಿಲ್ಲ. 6.8, 6.9, ಮತ್ತೆ 6.8 ಅಂತ ಓಲಾಡುತ್ತಲೇ ಇರುತ್ತದೆ. ನಾವು ಪ್ರೋಬ್‌ನ ಸಿಗ್ನಲ್ ಓದುವ ಟ್ರಾನ್ಸ್‌ಮಿಟರ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಅದನ್ನು ಬಿಚ್ಚಿ ಕೂರುತ್ತೇವೆ!

ಬಳಸದೇ ಇರುವಾಗ ಪ್ರೋಬ್ ತುದಿ ಮುಚ್ಚುವ ಕ್ಯಾಪ್‌ನಲ್ಲಿ ಸ್ವಲ್ಪ 3 ಮೋಲಾರ್ (ಸಾಂದ್ರತೆಯ ಅಳತೆ) ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಹಾಕಿಡಿ, ಅಥವಾ ತಯಾರಕರು ಹೇಳಿದ ದ್ರಾವಣ. ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದರೆ ಗಾಬರಿ ಬೇಡ, ಅದು ಉಪ್ಪು, ತೊಳೆದರೆ ಹೋಗುತ್ತದೆ. ತೊಳೆಯಲು ಡಿಸ್ಟಿಲ್ಡ್ ವಾಟರ್ ಧಾರಾಳವಾಗಿ ಬಳಸಬಹುದು. ತುದಿಯ ಗಾಜಿನ ಬುರುಡೆಯನ್ನು ಮಾತ್ರ ಉಜ್ಜಬೇಡಿ, ಟಿಶ್ಯೂ ಒತ್ತಿ ನೀರು ತೆಗೆಯಿರಿ.

ಒಣಗಿಸಿ ಇಡುವುದೂ ಸರಿಯಲ್ಲ. ಅಕಸ್ಮಾತ್ ಒಣಗಿದ್ದರೆ ರಾತ್ರಿಯಿಡೀ ಅದೇ ದ್ರಾವಣದಲ್ಲಿ ನೆನೆಸಿ, ಬೆಳಿಗ್ಗೆ ಕ್ಯಾಲಿಬ್ರೇಷನ್ ಮಾಡಿ, ಅಂದರೆ ಬಫರ್‌ಗೆ ರೀಡಿಂಗ್ ಸರಿಹೊಂದಿಸಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಒಂದು ಅಂಕ ಬದಲಾದರೆ ಪ್ರೋಬ್‌ನ ವೋಲ್ಟೇಜ್‌ನಲ್ಲಿ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. ಅದಕ್ಕಿಂತ ತುಂಬಾ ಕಡಿಮೆ ಬಂದರೆ ಪ್ರೋಬ್ ಬದಲಿಸುವ ಕಾಲ ಬಂದಿದೆ.