ಎರಡು ಸ್ಕ್ರೀನಿಗೆ ಒಂದೇ ಪ್ರೊಫೈಲ್ ಹಾಕಬೇಡಿ

ಲ್ಯಾಪ್‌ಟಾಪಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಇಳಕಲ್ ಸೆರಗಿನ ಕೆಂಪು, ಪಕ್ಕದ ಮಾನಿಟರಿಗೆ ಎಳೆದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಆಗ ಎಲ್ಲರ ಕೈ ಹೋಗುವುದು ಮಾನಿಟರಿನ ಬಟನ್‌ಗಳಿಗೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಐಸಿಸಿ ಪ್ರೊಫೈಲ್ ಅಂದರೆ ಬಣ್ಣ ಚಂದ ಮಾಡುವ ಫಿಲ್ಟರ್ ಅಲ್ಲ, ಆ ಸ್ಕ್ರೀನಿನ ಜಾತಕ. ಅದರ ಕೆಂಪು, ಹಸಿರು, ನೀಲಿ ಎಷ್ಟು ಗಾಢ, ಗಾಮಾ (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ) ಎಷ್ಟು ಅಂತ ಸಾಫ್ಟ್‌ವೇರ್‌ಗೆ ಹೇಳುತ್ತದೆ. ಸಾಧನದಿಂದ ಸ್ಕ್ರೀನ್ ಅಳೆದು ಪ್ರೊಫೈಲ್ ಮಾಡಿದ ಮೇಲೆ ಕಾಂಟ್ರಾಸ್ಟ್ ತಿರುಗಿಸಿದಿರೋ, ಜಾತಕವೇ ಸುಳ್ಳಾಯಿತು. ನೆಟ್‌ನಲ್ಲಿ ಸಿಗುವ ಅದೇ ಮಾಡೆಲಿನ ಪ್ರೊಫೈಲೂ ಅಂದಾಜು ಲೆಕ್ಕವೇ.

ವಿಂಡೋಸ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ತೆರೆದು ಮೊದಲು 'ಐಡೆಂಟಿಫೈ ಮಾನಿಟರ್ಸ್' ಒತ್ತಿ. 1ರ ಪ್ರೊಫೈಲ್ 2ಕ್ಕೆ ಹಾಕಿ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಆಮೇಲೆ 'ಯೂಸ್ ಮೈ ಸೆಟ್ಟಿಂಗ್ಸ್'ಗೆ ಟಿಕ್ ಹಾಕಿ, ಪ್ರೊಫೈಲ್ ಸೇರಿಸಿ, ಡೀಫಾಲ್ಟ್ ಮಾಡಿ. ಮ್ಯಾಕ್‌ನಲ್ಲಿ ಡಿಸ್‌ಪ್ಲೇಸ್ ಸೆಟ್ಟಿಂಗ್‌ನಲ್ಲೇ ಸ್ಕ್ರೀನಿಗೊಂದು ಆಯ್ಕೆ ಇದೆ. ತಾವಾಗಿ ಬಣ್ಣ ಬದಲಿಸುವ ಟ್ರೂ ಟೋನ್, ನೈಟ್ ಶಿಫ್ಟ್ ಎರಡನ್ನೂ ಆಫ್ ಮಾಡಿ.

ಇಷ್ಟಾದರೂ ವಿಂಡೋಸ್ ವಾಲ್‌ಪೇಪರ್ ಹಾಗೇ ಕಣ್ಣು ಕುಕ್ಕುತ್ತಿದ್ದರೆ ಗಾಬರಿ ಬೇಡ. ಪ್ರೊಫೈಲ್ ಓದಿ ಬಣ್ಣ ಲೆಕ್ಕ ಹಾಕುವುದು ಫೋಟೋಶಾಪ್, ಲೈಟ್‌ರೂಮ್‌ನಂಥವು. ಅದನ್ನು ಓದದ ಆ್ಯಪ್‌ಗಳು ಎಸ್‌ಆರ್‌ಜಿಬಿ (ವೆಬ್‌ನ ಸಾಮಾನ್ಯ ಬಣ್ಣ ವ್ಯಾಪ್ತಿ) ನಂಬರನ್ನೇ ನೇರವಾಗಿ ಅದಕ್ಕಿಂತ ಗಾಢ ಬಣ್ಣ ತೋರುವ ಪಿ3 ಪ್ಯಾನಲ್‌ಗೆ ಸುರಿಯುತ್ತವೆ. ವೆಬ್ ಕೆಲಸವೇ ಹೆಚ್ಚಿದ್ದರೆ ಮಾನಿಟರ್ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿ. ಕೆಲವದರಲ್ಲಿ ಬ್ರೈಟ್‌ನೆಸ್ ಲಾಕ್ ಆಗುತ್ತದೆ, ಸಹಿಸಿಕೊಳ್ಳಬೇಕು.

ಕಪ್ಪು ಬೂದಿಯಂತೆ ಕಂಡರೆ ಅದು ಪ್ರೊಫೈಲ್ ತಪ್ಪಲ್ಲದಿರಬಹುದು. ಎಚ್‌ಡಿಎಂಐ ಸಿಗ್ನಲ್ 0–255ರ ಪೂರ್ತಿ ಹರವಿನ ಬದಲು 16–235ರ ಲಿಮಿಟೆಡ್ ರೇಂಜಿನಲ್ಲಿ ಹೋಗುತ್ತಿದೆಯೇ ನೋಡಿ. ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಫುಲ್ ಮಾಡಿ.

ಇನ್ನು ಅಗ್ಗದ ಲ್ಯಾಪ್‌ಟಾಪ್. 45% ಎನ್‌ಟಿಎಸ್‌ಸಿ (ಹಳೆಯ ಟಿವಿ ಬಣ್ಣ ವ್ಯಾಪ್ತಿಯ ಅಳತೆ) ಪ್ಯಾನಲ್‌ಗೆ ಎಸ್‌ಆರ್‌ಜಿಬಿಯ ಮುಕ್ಕಾಲು ಭಾಗವೂ ಸಿಗದು. ಇಲ್ಲದ ಕೆಂಪನ್ನು ಯಾವ ಪ್ರೊಫೈಲೂ ತಂದುಕೊಡದು. ಎರಡೂ ಒಂದೇ ಥರ ಕಾಣಬೇಕೆಂಬ ಹಠ ಬಿಟ್ಟು, ಬಣ್ಣದ ತೀರ್ಮಾನ ಮಾನಿಟರಿನಲ್ಲಿ ಮಾಡಿ, ಟೂಲ್‌ಬಾರ್‌ಗಳನ್ನು ಲ್ಯಾಪ್‌ಟಾಪಿಗೆ ತಳ್ಳಿ.

ಅಳೆಯುವ ಸಾಧನ ಕೈಗೆ ಸಿಕ್ಕರೆ ಅರ್ಧ ಗಂಟೆ ಸ್ಕ್ರೀನ್ ಬಿಸಿಯಾಗಲಿ. ಅಡಾಪ್ಟಿವ್ ಬ್ರೈಟ್‌ನೆಸ್ ಆಫ್, ಬಿಳಿಗೆ ಡಿ65 (ಹಗಲ ಬೆಳಕಿನ ಬಿಳಿ), ಗಾಮಾ 2.2, ಬೆಳಕು 120 ನಿಟ್ಸ್. ಆಲ್ಬಮ್ ಪ್ರಿಂಟಿಗಾದರೆ 100ರ ಆಸುಪಾಸು. ಎರಡು ಸ್ಕ್ರೀನೂ ಸರಿ ಅಂತ ಮೀಟರ್ ಹೇಳಿದರೂ ಸೆರಗಿನ ಬಿಳಿ ಒಂದರಲ್ಲಿ ನಸುಗುಲಾಬಿ ಕಾಣಬಹುದು. ಬ್ಯಾಕ್‌ಲೈಟ್ ಬೇರೆಯಾದ್ದರಿಂದ ಕಣ್ಣು ಒಪ್ಪುವುದಿಲ್ಲ. ಆಗ ಮಾನಿಟರಿನ ಆರ್‌ಜಿಬಿ ಗೇನ್ (ಕೆಂಪು, ಹಸಿರು, ನೀಲಿಯ ಪ್ರಮಾಣ) ಕಣ್ಣಳತೆಯಲ್ಲಿ ಹೊಂದಿಸಿ, ಆ ಬಿಳಿಯನ್ನು ಹಾಗೇ ಉಳಿಸಿ ಮತ್ತೆ ಅಳೆಯಿರಿ.

ಒಂದು ಮಾತು ಬಿಟ್ಟುಹೋಯಿತು. ಫೋಟೋಶಾಪ್‌ನ ವರ್ಕಿಂಗ್ ಸ್ಪೇಸ್‌ನಲ್ಲಿ (ಚಿತ್ರ ತಿದ್ದುವಾಗ ಬಳಸುವ ಬಣ್ಣ ವ್ಯಾಪ್ತಿ) ಮಾನಿಟರ್ ಪ್ರೊಫೈಲ್ ಇದ್ದರೆ ತೆಗೆದು ಎಸ್‌ಆರ್‌ಜಿಬಿ ಇಡಿ. ಮಾನಿಟರಿನದನ್ನು ಅದು ಆಪರೇಟಿಂಗ್ ಸಿಸ್ಟಮ್‌ನಿಂದ ತಾನೇ ಕೇಳಿ ತೆಗೆದುಕೊಳ್ಳುತ್ತದೆ.