ಅರವತ್ತು ದಾಟಿದ ಮೇಲೆ ಮನೆಯನ್ನು ಅಡವಿಡಬಹುದೇ?

ಪರ

ಇಪ್ಪತ್ತೆರಡಕ್ಕೆ ಓದಿಗೆಂದು ಸಾಲ ಮಾಡಿದರೆ ಹುಡುಗ ಮುಂದೆ ಬರುತ್ತಾನೆ ಎನ್ನುತ್ತೇವೆ. ಮೂವತ್ತೈದಕ್ಕೆ ಸಾಲ ಮಾಡಿ ಮನೆ ಕಟ್ಟಿದರೆ ಗೃಹಪ್ರವೇಶಕ್ಕೆ ಹೋಗಿ ಉಂಡು ಬರುತ್ತೇವೆ. ಅದೇ ಮನುಷ್ಯ ಅರವತ್ತೈದಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿದರೆ, ‘ಈ ವಯಸ್ಸಿನಲ್ಲಿ ಸಾಲವೇ?’ ಎಂಬ ಪಿಸುಮಾತು.

ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮನಿಗೆ ಸ್ವಂತ ಮನೆಯಿದೆ. ಆದರೂ ರಕ್ತದೊತ್ತಡದ ಮಾತ್ರೆಯನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ, ಅರ್ಧವನ್ನು ಕಾಗದದಲ್ಲಿ ಸುತ್ತಿ ನಾಳೆಗೆ ಇಡುತ್ತಾರೆ. ಮಗನನ್ನು ಕೇಳಲು ಸಂಕೋಚ. ಅವನ ಮನೆ ಸಾಲದ ಕಂತೇ ಇನ್ನೂ ಮುಗಿದಿಲ್ಲ. ಇಡೀ ಆಯುಷ್ಯದ ದುಡಿಮೆ ಗೋಡೆಯಾಗಿ ನಿಂತಿದೆ, ಮಾತ್ರೆಗೆ ಕಾಸಿಲ್ಲ.

2007ರ ಕೇಂದ್ರ ಬಜೆಟ್‌ನಲ್ಲಿ ಪ್ರಸ್ತಾಪವಾದ ರಿವರ್ಸ್ ಮಾರ್ಟ್‌ಗೇಜ್ ಇಂಥವರಿಗೆಂದೇ ಬಂದದ್ದು. ಅರವತ್ತು ದಾಟಿದವರು ಮನೆಯನ್ನು ಅಡವಿಟ್ಟರೆ ಬ್ಯಾಂಕೇ ತಿಂಗಳು ತಿಂಗಳು ಹಣ ಕೊಡುತ್ತದೆ. ಬದುಕಿರುವವರೆಗೂ ಆ ಮನೆಯಲ್ಲೇ ಇರಬಹುದು, ಕಂತು ಕಟ್ಟಬೇಕಿಲ್ಲ. ಗಂಡ ಹೆಂಡತಿ ಇಬ್ಬರೂ ಕಾಲವಾದ ಮೇಲೆ ಮಕ್ಕಳು ಸಾಲ ತೀರಿಸಿ ಮನೆ ಉಳಿಸಿಕೊಳ್ಳಬಹುದು. ಇಲ್ಲವಾದರೆ ಬ್ಯಾಂಕು ಅದನ್ನು ಮಾರಿ, ಮಿಕ್ಕ ಹಣವನ್ನು ಅವರಿಗೆ ಕೊಡುತ್ತದೆ. ಮಗನ ಓದಿಗೆ ಚಿಕ್ಕಮ್ಮ ಬಳೆಗಳನ್ನು ಅಡವಿಟ್ಟಾಗ ಯಾರಿಗೂ ಅವಮಾನವಾಗಲಿಲ್ಲ. ತಮ್ಮ ಔಷಧಿಗೆ ತಮ್ಮ ಮನೆಯನ್ನೇ ಆಸರೆ ಮಾಡಿಕೊಂಡರೆ ಏಕಾಗಬೇಕು?

ವಿರೋಧ

ಅವಮಾನದ ಮಾತು ಬಿಡೋಣ. ನನ್ನ ಆಕ್ಷೇಪ ಲೆಕ್ಕದ್ದು. ಇಪ್ಪತ್ತೈದರಲ್ಲಿ ಮಾಡಿದ ಸಾಲ ಸಂಬಳ ಏರಿದಂತೆ ಹಗುರವಾಗುತ್ತದೆ. ಮೊದಲ ವರ್ಷ ಉಸಿರು ಕಟ್ಟಿಸಿದ ಕಂತು ಹತ್ತನೆಯ ವರ್ಷ ಅಷ್ಟು ಕಾಡುವುದಿಲ್ಲ. ಇಳಿವಯಸ್ಸಿನ ಸಾಲ ಮಾತ್ರ ಕೂತಲ್ಲೇ ಬೆಳೆಯುತ್ತದೆ. ಶೇ 10ರ ಬಡ್ಡಿಯಲ್ಲಿ ತಿಂಗಳಿಗೆ 10 ಸಾವಿರ ರೂಪಾಯಿಯಂತೆ 15 ವರ್ಷ ಪಡೆದರೆ ಕೈಗೆ ಬರುವುದು 18 ಲಕ್ಷ. ಬಡ್ಡಿಗೆ ಬಡ್ಡಿ ಸೇರಿ ಮನೆಯ ಮೇಲೆ ಬೀಳುವ ಸಾಲ 41 ಲಕ್ಷಕ್ಕೂ ಹೆಚ್ಚು. ಅವಧಿ ಮುಗಿದರೂ ಮನೆಯಿಂದ ಎಬ್ಬಿಸುವುದಿಲ್ಲ, ನಿಜ. ಆದರೆ ಸಾಮಾನ್ಯ ಯೋಜನೆಯಲ್ಲಿ ತಿಂಗಳ ಹಣ ಅಲ್ಲಿಗೇ ನಿಲ್ಲುತ್ತದೆ. ಅದೂ ಎಂಬತ್ತರ ಹತ್ತಿರ, ಔಷಧಿಯ ಖರ್ಚು ಹೆಚ್ಚುವ ಹೊತ್ತಿಗೆ.

ಜೊತೆಗೆ, ನಮ್ಮ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವುದಿಲ್ಲ. ನಮ್ಮ ತಂದೆ ಕಟ್ಟಿಸಿದ ಮನೆಯ ಹಿಂದಿನ ಕೋಣೆಯಲ್ಲಿ ಅಕ್ಕ ಇಪ್ಪತ್ತು ವರ್ಷದಿಂದ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುತ್ತಿದ್ದಾಳೆ. ಅಷ್ಟು ಸಾಲ ತೀರಿಸಿ ಮನೆ ಉಳಿಸಿಕೊಳ್ಳಲು ಆಕೆಗೆ ಹಣ ಎಲ್ಲಿಂದ ಬರಬೇಕು? ತಂದೆ ಒಮ್ಮೆ ಅರ್ಜಿ ತಂದಿದ್ದರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಅಕ್ಕನ ಯಂತ್ರದ ಸದ್ದು ಕೇಳುತ್ತ ಬಹಳ ಹೊತ್ತು ಸುಮ್ಮನೆ ಕುಳಿತರು. ಅರ್ಜಿ ತುಂಬಲಿಲ್ಲ. ಮರುವಾರ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟರು.